ಅಪ್ಪನ ಕಾರು ಡ್ರೆಸ್ಡೆನ್‌ಗೆ ಬಂದದ್ದು

ಒಂದು ಹಳೆಯ ಕಾರನ್ನು ಹಡಗಿನಲ್ಲಿ ತರಿಸಿಕೊಟ್ಟರೆ ಅಪ್ಪ ಊರಿಗೆ ಹೋಗುತ್ತೇನೆ ಎನ್ನುವುದನ್ನು ನಿಲ್ಲಿಸುತ್ತಾರೆ ಎಂದು ನಾನೂ ನನ್ನ ಗಂಡನೂ ನಂಬಿದ್ದೆವು. ಇಬ್ಬರೂ ಓದಿದವರು, ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಕೂದಲಿಗಿಂತ ಸಣ್ಣ ಗೆರೆಯಲ್ಲಿ ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಆ ವರ್ಷವಿಡೀ ನಮ್ಮ ಮನೆಯಲ್ಲೇ ಇದ್ದ ಒಬ್ಬ ಮನುಷ್ಯನಿಗೆ ಏನು ಬೇಕು, ಏನು ಬೇಡ ಎನ್ನುವುದರ ತಲೆಬುಡ ನನಗೆ ತಿಳಿಯಲಿಲ್ಲ.

ನಲವತ್ತು ದಾಟಿದ ಮೇಲೆ ಹೊಸ ದೇಶಕ್ಕೆ ಬಂದವರು ನಾವು. ಇಲ್ಲಿ ಕಸವನ್ನು ಯಾವ ಬುಟ್ಟಿಗೆ ಹಾಕಬೇಕು ಎನ್ನುವುದನ್ನು ಕಲಿಯುವಷ್ಟರಲ್ಲೇ ಅಮ್ಮ ತೀರಿಕೊಂಡಳು. ಅಪ್ಪ ಇದ್ದದ್ದು ಬಾಡಿಗೆ ಮನೆ. ಅದನ್ನು ಖಾಲಿ ಮಾಡಿಸಿ, ಪಾತ್ರೆ ಮಂಚಗಳನ್ನು ನೆಂಟರಿಗೆ ಹಂಚಿ, ವೀಸಾಕ್ಕೆ ಓಡಾಡಿ, ಅವರನ್ನು ಡ್ರೆಸ್ಡೆನ್‌ಗೆ ಕರೆದುಕೊಂಡು ಬಂದೆವು. ಹಂಚದೆ ಉಳಿದದ್ದು ಕಾರೊಂದೇ. ಅದನ್ನು ಚಿಕ್ಕಪ್ಪನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೊಂದು ಟಾರ್ಪಾಲು ಹೊದಿಸಿ, ಒಂದು ಕೀಲಿಕೈಯನ್ನು ಚಿಕ್ಕಪ್ಪನಿಗೆ ಕೊಟ್ಟು, ಇನ್ನೊಂದನ್ನು ಅಪ್ಪ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದ್ದರು.

ಅಪ್ಪ ಪಶುವೈದ್ಯರು. ತಿಪಟೂರಿನ ಸುತ್ತಮುತ್ತ ದನ, ಎಮ್ಮೆ, ಕುರಿಗಳಿಗೆ ಸೂಜಿ ಚುಚ್ಚುತ್ತಾ, ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುಗಳನ್ನು ಎಳೆದು ತೆಗೆಯುತ್ತಾ ಸರ್ವಿಸ್ ಮುಗಿಸಿದವರು. ಅವರ ಮಾಸಿದ ನೀಲಿ ಬಣ್ಣದ ಪದ್ಮಿನಿ ಕಾರು ದೂರದಲ್ಲಿ ಕಂಡರೆ ಸಾಕು, ಹಳ್ಳಿಯವರು ಎಮ್ಮೆಯ ಹಗ್ಗ ಹಿಡಿದು ರಸ್ತೆಗೆ ಬಂದು ನಿಲ್ಲುತ್ತಿದ್ದರು. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಶಾಲೆಗೆ ಹೋಗಿದ್ದೇನೆ. ಕಾಲು ಮುರಿದ ಕರುವೊಂದು ಒಮ್ಮೆ ನನ್ನ ಪಕ್ಕದಲ್ಲೇ ಮಲಗಿಕೊಂಡು ಬಂದು, ನನ್ನ ಯೂನಿಫಾರಂ ಮೇಲೆ ಗಂಜಲ ಸುರಿಸಿತ್ತು. ಅಮ್ಮ ನನ್ನನ್ನು ಬೈದಳೇ ಹೊರತು ಕರುವನ್ನೂ ಬೈಯಲಿಲ್ಲ, ಅಪ್ಪನನ್ನೂ ಬೈಯಲಿಲ್ಲ.

ಇಲ್ಲಿಗೆ ಬಂದ ಮೇಲೆ ಅವರಿಗೆ ಮಾಡಲು ಏನೂ ಇರಲಿಲ್ಲ. ಟ್ರಾಮಿನಲ್ಲಿ ನಾಯಿಗಳು ಮನುಷ್ಯರ ಹಾಗೆ ಟಿಕೆಟ್ ತೆಗೆದುಕೊಂಡು ಕೂರುತ್ತವೆ ಎನ್ನುವುದೊಂದೇ ಅವರಿಗೆ ಹಿಡಿಸಿದ ಸಂಗತಿ. ಎದುರು ಕೂತ ನಾಯಿಯನ್ನು ದಿಟ್ಟಿಸಿ ನೋಡಿ, "ಇದಕ್ಕೆ ಎಡಗಿವಿ ಸೋರ್ತಿದೆ ಕಣಮ್ಮ, ಅವರಿಗೆ ಹೇಳು" ಎನ್ನುತ್ತಿದ್ದರು. ಕಿವಿ ಸೋರುವುದಕ್ಕೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ನಾನು ಸುಮ್ಮನೆ ನಗುತ್ತಿದ್ದೆ, ನಾಯಿಯವರೂ ನಗುತ್ತಿದ್ದರು.

ಹತ್ತು ಹದಿನೈದು ದಿನಕ್ಕೊಮ್ಮೆ, ಸಾಮಾನ್ಯವಾಗಿ ಬೆಳಗಿನ ಕಾಫಿಯ ಹೊತ್ತಿಗೆ, "ಒಂದ್ಸಲ ಊರಿಗೆ ಹೋಗಿ ಬರ್ತೀನಿ" ಎಂದು ಶುರುಮಾಡುತ್ತಿದ್ದರು. ಯಾಕಪ್ಪ ಎಂದರೆ, "ಏನಿಲ್ಲ, ಕಾರು ಸ್ಟಾರ್ಟ್ ಮಾಡ್ಬೇಕು. ಬಹಳ ದಿನ ನಿಲ್ಲಿಸಿದ್ರೆ ಬ್ಯಾಟರಿ ಕೂತ್ಹೋಗುತ್ತೆ" ಎನ್ನುತ್ತಿದ್ದರು. ಚಿಕ್ಕಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಾರಲ್ಲ ಎಂದರೆ, ಅವನಿಗೆ ಚೋಕ್ ಎಳೆಯುವುದು ಗೊತ್ತಿಲ್ಲ ಎನ್ನುತ್ತಿದ್ದರು. ಪ್ರತಿ ಸಲವೂ ನಾನು ಮಾತು ಬದಲಿಸುತ್ತಿದ್ದೆ. ಹೋದರೆ ಅವರು ವಾಪಸ್ ಬರುವುದಿಲ್ಲ, ಅಲ್ಲಿ ಒಬ್ಬರೇ ಇರುತ್ತಾರೆ, ಏನಾದರೂ ಆದರೆ ನಾನು ಇಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತೇನೆ ಎನ್ನುವ ಭಯ. ಅವರು ಇಲ್ಲೇ ಇರಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ನನ್ನ ಗಂಡ ಎಂಜಿನಿಯರು. ಸಮಸ್ಯೆ ಕಾರಾದರೆ ಕಾರನ್ನೇ ಇಲ್ಲಿಗೆ ತಂದರಾಯಿತು ಎಂದರು. ಅವರಿಗೆ ಮೊದಲಿನಿಂದಲೂ ಹಳೆಯ ಗಾಡಿಗಳ ಹುಚ್ಚು. ಭಾನುವಾರ ಎಲ್ಬೆ ನದಿಯ ದಂಡೆಯಲ್ಲಿ ಓಲ್ಡ್‌ಟೈಮರ್‌ಗಳು, ಅಂದರೆ ಇಲ್ಲಿಯವರು ಮುದ್ದು ಮಾಡಿ ಸಾಕಿಕೊಂಡ ಹಳೆಯ ಕಾರುಗಳು, ಸಾಲಾಗಿ ನಿಂತರೆ ಅಪ್ಪನನ್ನೂ ಕರೆದುಕೊಂಡು ಹೋಗಿ ಒಂದೊಂದರ ಮುಂದೆಯೂ ಕಾಲು ಗಂಟೆ ನಿಲ್ಲುತ್ತಿದ್ದರು. ಆದರೆ ಈ ಕಾರಿನ ಯೋಚನೆ ಬಂದದ್ದು ಆ ಹುಚ್ಚಿನಿಂದಲ್ಲ, ಮಾವನ ಮೇಲಿನ ಅಕ್ಕರೆಯಿಂದ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಮಾವ ಅಳಿಯ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಒಂದೇ ಮೇಜಿನಲ್ಲಿ ಕೂತಿದ್ದರೂ ಎಲ್ಲವೂ ನನ್ನ ಮೂಲಕವೇ ಸಾಗಬೇಕು. ಅಪ್ಪನಿಗೆ ಅಳಿಯನೆಂದರೆ ಮರ್ಯಾದೆ, ಅದರ ಮೇಲೆ ಮಗಳ ಮನೆಯಲ್ಲಿ ಉಂಡು ಮಲಗುವ ಸಂಕೋಚ. ಇವರಿಗೆ ಮಾವನೆಂದರೆ ಭಯ. ಹಾಗಾಗಿ ಆ ದಿನವೂ ಇವರು ದೋಸೆ ಮುರಿಯುತ್ತಾ ನನಗೆ ಹೇಳಿದರು: "ಮಾವನ್ನ ಒಂದ್ಮಾತು ಕೇಳು, ಆ ಕಾರನ್ನ ಇಲ್ಲಿಗೆ ತರಿಸ್ಕೋಬಹುದಾ ಅಂತ."

ಅಪ್ಪ ಅಲ್ಲೇ ಇದ್ದರು. ಆದರೂ ನಾನು ಪದ್ಧತಿ ಬಿಡದೆ, "ಅಪ್ಪ, ಕಾರನ್ನ ಇಲ್ಲಿಗೆ ತರಿಸೋಣ ಅಂತಿದಾರೆ ಇವರು" ಎಂದೆ. ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿ, ನೀರು ಕುಡಿದು, "ಅಳಿಯಂದಿರಿಗೆ ಆಸೆಯಿದ್ರೆ ತರಿಸ್ಲಿ, ಅದಕ್ಕೇನಂತೆ" ಎಂದರು. ಆಮೇಲೆ ಎದ್ದು ಕೋಣೆಗೆ ಹೋಗಿ ಕೀಲಿಕೈ ತಂದು ಮೇಜಿನ ಮೇಲಿಟ್ಟರು. ಖುಷಿ ತಡೆಯಲಾರದೆ ಓಡಿಹೋಗಿ ತಂದರು ಎಂದೇ ನಾನು ತಿಳಿದೆ.

ಆಮೇಲೆ ಶುರುವಾಯಿತು ಮೂಗಿಗಿಂತ ಮೂಗುತಿ ಭಾರದ ಕಥೆ. ಮನೆ ಬದಲಿಸಿ ಬಂದವರ ಸಾಮಾನು ಎಂದು ಅಪ್ಪನ ಹೆಸರಿನಲ್ಲೇ ಕಾರನ್ನು ತಂದರೆ ಸುಂಕವಿಲ್ಲ ಎಂದು ಹಡಗಿನ ಏಜೆಂಟ್ ಹೇಳಿದ. ಅದಕ್ಕೆ ಅಪ್ಪ ಸಹಿ ಹಾಕಬೇಕು. ಹಾಕಿದರು. ಊರಿನಲ್ಲಿ ಕಾರಿನ ನೋಂದಣಿ ರದ್ದು ಮಾಡಿಸಲು ಮತ್ತೆ ಸಹಿ. ಅದನ್ನೂ ಹಾಕಿದರು. ಒಂದು ಇಲಾಖೆ ಕೇಳಿದ್ದನ್ನು ಕೊಟ್ಟರೆ ಇನ್ನೊಂದು ಇಲಾಖೆಗೆ ಅದೇ ಬೇಡ. ಫೋನ್ ಮಾಡಿದರೆ ಜರ್ಮನ್ನಿನಲ್ಲಿ ಹೇಳುತ್ತಾರೆ, ನನಗೆ ಮುಕ್ಕಾಲು ಅರ್ಥವಾಗುತ್ತದೆ, ಉಳಿದ ಕಾಲು ಭಾಗದಲ್ಲೇ ಮುಖ್ಯವಾದದ್ದು ಇರುತ್ತದೆ. ಕಾರು ಚೆನ್ನೈನಲ್ಲಿ ಹಡಗು ಹತ್ತುವ ಹೊತ್ತಿಗೆ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು.

ಅಪ್ಪನ ನಡವಳಿಕೆ ಅದಕ್ಕಿಂತ ದೊಡ್ಡ ಒಗಟು. ಹಡಗು ನೇರದಾರಿ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಬರುತ್ತದೆ, ಬಹಳ ತಡವಾಗುತ್ತದೆ ಎಂದು ಹೇಳಿದ ದಿನ ಅವರು ಹುರುಪಿನಿಂದ ವಾಕಿಂಗ್ ಹೋಗಿ, ಬರುವಾಗ ಬೇಕರಿಯಿಂದ ಬನ್ನು ಕಟ್ಟಿಸಿಕೊಂಡು ಬಂದರು. ಹ್ಯಾಂಬರ್ಗಿನಲ್ಲಿ ಕಸ್ಟಮ್ಸಿನವರು ಕಾರನ್ನು ತಡೆದರು. ಚಿಕ್ಕಪ್ಪ ಪೂಜೆ ಮಾಡಿಸಿ ಮುಂದಕ್ಕೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಸಮುದ್ರದ ಗಾಳಿಗೆ ಕಪ್ಪಾಗಿ, ಇದೇನು ಗಿಡಮೂಲಿಕೆ, ಯಾವ ರೋಗ ತಂದಿದೆಯೋ ಎಂದು ಅವರಿಗೆ ಅನುಮಾನ. ದೃಷ್ಟಿ ತಗಲದಿರಲಿ ಎಂದು ಕಟ್ಟಿದ್ದನ್ನು ನಾನು ಫೋನಿನಲ್ಲಿ ವಿವರಿಸಲು ಹೋಗಿ, ಮಾತು ಕಣ್ಣಿನ ಕಾಯಿಲೆಗೆ ಔಷಧಿ ಎನ್ನುವ ಮಟ್ಟಕ್ಕೆ ಹೋಯಿತು. ಆ ರಾತ್ರಿ ಅಪ್ಪ ಎರಡು ಚಪಾತಿ ಹೆಚ್ಚಿಗೆ ತಿಂದರು. ಕಾರು ಬಿಡುಗಡೆಯಾಯಿತು ಎಂದ ದಿನ ಹೊಟ್ಟೆ ಸರಿಯಿಲ್ಲ ಎಂದು ಮಜ್ಜಿಗೆ ಕುಡಿದು ಮಲಗಿದರು.

"ಮಾವನಿಗೆ ಎಕ್ಸೈಟ್‌ಮೆಂಟು" ಎಂದರು ನನ್ನ ಗಂಡ. ಇರಬಹುದು ಎಂದುಕೊಂಡೆ. ನಡುವೆ ಇನ್ನೊಂದು ಪೆಟ್ಟು ಬಿದ್ದಿತ್ತು. ಊರಿನ ಲೈಸೆನ್ಸು ಇಲ್ಲಿ ನಡೆಯುವುದು ಬಂದ ಆರು ತಿಂಗಳು ಮಾತ್ರ. ಆ ಆರು ತಿಂಗಳು ಯಾವಾಗಲೋ ಕಳೆದಿತ್ತು. ಇನ್ನು ಅಪ್ಪ ಕಾರು ಓಡಿಸಬೇಕೆಂದರೆ ಹದಿನೆಂಟರ ಹುಡುಗರ ಜೊತೆ ಪರೀಕ್ಷೆಗೆ ಕೂರಬೇಕು. ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ವಾರವಿಡೀ ಒದ್ದಾಡಿ, ಕೊನೆಗೆ ಹೇಳಿದರೆ, "ಅಯ್ಯೋ, ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ, ಅಳಿಯಂದಿರು ಓಡಿಸ್ತಾರೆ" ಎಂದು ನನಗೇ ಸಮಾಧಾನ ಹೇಳಿದರು. ನಲವತ್ತು ವರ್ಷ ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಮುಟ್ಟಲು ಕೊಡದ ಮನುಷ್ಯ.

ಕೊನೆಗೆ ಒಂದು ಮಂಗಳವಾರ ಕಾರು ಬಂತು. ದೊಡ್ಡ ಟ್ರೇಲರ್ ನಮ್ಮ ಬೀದಿಯಲ್ಲಿ ನಿಂತಿತು, ಹಿಂದಿನ ಹಲಗೆ ಇಳಿಯಿತು. ಒಳಗಿನಿಂದ ಇಳಿದದ್ದು ನಮ್ಮ ಕಾರಲ್ಲ. ಮಿರಿಮಿರಿ ಮಿಂಚುವ ಮೆರೂನ್ ಬಣ್ಣ, ಎರಡೂ ಪಕ್ಕ ಬೆಳ್ಳಿಯ ಪಟ್ಟಿ, ಒಳಗೆ ಮದುವೆ ಮನೆಯ ಕುರ್ಚಿಯಂತೆ ಬಿಳಿ ರೆಕ್ಸಿನ್ ಸೀಟು, ಹೊಸ ಸ್ಟಿಯರಿಂಗು, ಮುಂದೆ ನೀಲಿ ಬೆಳಕಿನ ಪಟ್ಟಿ. ಬೇರೆ ಯಾರದೋ ಕಾರು ಬಂದಿದೆ ಎಂದು ನಾನು ಡ್ರೈವರನ ಜೊತೆ ಜಗಳಕ್ಕೇ ನಿಂತೆ. ಎಂಜಿನ್ ನಂಬರು ನೋಡಿದರೆ ನಮ್ಮದೇ. ಅಪ್ಪ ಕಾರನ್ನು ಒಂದು ಸುತ್ತು ಬಂದರು. ಬಾನೆಟ್ ಮೇಲೆ ಕೈಯಿಟ್ಟು, ತೆಗೆದು, ಪಂಚೆಗೆ ಒರೆಸಿಕೊಂಡರು. 

ನಾನು ಅಲ್ಲೇ ನಿಂತು ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಏನ್ ಚಿಕ್ಕಪ್ಪ ಇದು, ಕಾರಿಗೆ ಏನ್ ಮಾಡಿದೀರಿ?"

"ಹೆಂಗೈತೆ?" ಎಂದರು ಅವರು, ಹೆಮ್ಮೆಯಿಂದ. "ಮಗಳ ಮನೇಗೆ ಹೋಗೋ ಗಾಡಿ, ಹಂಗೇ ಮಾಸಿದ್ದು ಕಳ್ಸಕ್ಕಾಗ್ತದೇನಮ್ಮ? ಫಾರಿನ್ನಿನೋರು ನೋಡಿ ಏನಂದ್ಕೊಂತಾರೆ? ಅಣ್ಣ ಗತಿ ಇಲ್ದೋನು ಅಂದ್ಕೊಳಲ್ವಾ? ತುಮಕೂರಿಂದ ಪೇಂಟರ್ ಕರೆಸಿದ್ದೆ. ಡಾಕ್ಟ್ರ ಗಾಡಿ ಅಂತ ಅವನೂ ಭಕ್ತಿಯಿಂದ ಮಾಡವ್ನೆ."

ನಮ್ಮ ಕಡೆ ಹೀಗೆಯೇ. ತವರಿನಿಂದ ಹೊರಡುವ ಹಪ್ಪಳದ ಡಬ್ಬಿಯನ್ನೂ ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸಿಯೇ ಕಳಿಸುತ್ತಾರೆ. ಹಳೆಯದನ್ನು ಹಳೆಯದಾಗಿಯೇ ಕಳಿಸುವುದು ಕಳಿಸಿದವರಿಗೆ ಅವಮಾನ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಚೆನ್ನಾಗಿದೆ ಎಂದು ಹೇಳಿ ಫೋನಿಟ್ಟೆ.

ಆದರೆ ಇಲ್ಲಿ ಲೆಕ್ಕ ಉಲ್ಟಾ. ಕಾರು ರಸ್ತೆಗಿಳಿಯಬೇಕಾದರೆ ಓಲ್ಡ್‌ಟೈಮರ್ ಎಂದು ಪರೀಕ್ಷಕರು ಒಪ್ಪಬೇಕು. ಒಪ್ಪಬೇಕಾದರೆ ಅದು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಮುದಿಯಾಗಿರಬೇಕು. ಮತ್ತೊಂದು ಟ್ರೇಲರ್ ಹಿಡಿದು ಮೂವರೂ ಪರೀಕ್ಷೆಗೆ ಕೊಂಡೊಯ್ದೆವು. ಪರೀಕ್ಷಕ ಅರವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಬಣ್ಣದ ದಪ್ಪ ಅಳೆಯುವ ಯಂತ್ರವೊಂದನ್ನು ಬಾಗಿಲಿಗೆ ಒತ್ತಿ, "ಶಾಡೆ" ಎಂದರು. ಅಯ್ಯೋ ಪಾಪ ಎಂದು ಅರ್ಥ. ಸೀಟು ನೋಡಿ ಮತ್ತೊಮ್ಮೆ ಶಾಡೆ. ಹಳೆಯ ನೀಲಿ, ಕಿತ್ತ ಸೀಟು, ಅಲ್ಲಲ್ಲಿ ತುಕ್ಕು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನ್ನನ್ನೇ ಕೇಳಿದರು. ಇದನ್ನೆಲ್ಲ ಯಾರು ಮಾಡಿದ್ದು? ನಮ್ಮ ಚಿಕ್ಕಪ್ಪ, ಎಂದೆ. ಯಾಕೆ? ಗೌರವಕ್ಕೆ, ಎಂದೆ. ಅವರು ಕನ್ನಡಕ ತೆಗೆದು ಒಮ್ಮೆ ನನ್ನನ್ನೂ ಒಮ್ಮೆ ಕಾರನ್ನೂ ನೋಡಿದರು. ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದರು. ನಾನು ಕಾರಿನ ಕಾಗದಗಳನ್ನು ಅವರ ಕೈಗಿಟ್ಟೆ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಈ ಸ್ಥಿತಿಯಲ್ಲಿ ಒಪ್ಪಲಾರೆ ಎಂದು ಪರೀಕ್ಷಕರು ಹೇಳಿದಾಗ ನನ್ನ ಗಂಡನ ಮುಖ ಬಾಡಿತು. ಅಪ್ಪ ಮಾತ್ರ ಆ ದಿನ ಎಂದೂ ಇಲ್ಲದಷ್ಟು ಗೆಲುವಾಗಿದ್ದರು. ಕರುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದ ಕಥೆಯನ್ನು ಆ ಪರೀಕ್ಷಕರಿಗೆ ಹೇಳು ಎಂದು ನನ್ನ ಬೆನ್ನು ಬಿದ್ದರು. ಹೇಳಿದೆ. ಪರೀಕ್ಷಕರು ನಕ್ಕರು, ಅಪ್ಪ ಅವರ ಭುಜ ತಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಒದ್ದಾಡಿದ್ದು ಯಾರಿಗಾಗಿ? ಈ ಮನುಷ್ಯನಿಗೆ ಕಾರು ಬೇಕೋ ಬೇಡವೋ?

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಸಾಲು ಗ್ಯಾರೇಜುಗಳಿವೆ. ಅದರಲ್ಲೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಮರುದಿನ ಮಧ್ಯಾಹ್ನ ಕಾರನ್ನು ಅಲ್ಲಿಗೆ ತಳ್ಳಿಸಿ, ಇವರು ಕೆಲಸಕ್ಕೆ ಹೋದ ಮೇಲೆ ನಾನೂ ಅಪ್ಪನೂ ಉಳಿದೆವು. ಅಪ್ಪ ಗೋಡೆಗೆ ಒರಗಿ ನಿಂತು ಕೇಳಿದರು: "ಪಾಸಾಗಲ್ಲ ಅಂದ್ಮೇಲೆ ಇದನ್ನ ವಾಪಸ್ ಕಳಿಸ್ತೀರ ತಾನೆ?"

ಅವರ ದನಿಯಲ್ಲಿದ್ದ ಆಸೆ ಕೇಳಿ ನಾನು ತಿರುಗಿ ನೋಡಿದೆ. "ವಾಪಸ್ ಹೇಗಪ್ಪ ಕಳ್ಸೋದು? ಇಷ್ಟು ಹಳೇ ಗಾಡೀನ ಇಂಡಿಯಾದೋರು ಒಳಗೆ ಬಿಡಲ್ಲ. ಹೊರಗೆ ಬಂದಿದ್ದು ಬಂದ ಹಾಗೇ."

ಅಪ್ಪ ಕೂರಲು ಜಾಗ ಹುಡುಕಿದರು. ಕಾರಿನ ಬಾಗಿಲು ತೆಗೆದು, ಹೊಸ ಬಿಳಿ ಸೀಟಿನ ಅಂಚಿನಲ್ಲಿ, ಕಾಲು ಹೊರಗೆ ಬಿಟ್ಟುಕೊಂಡು ಕೂತರು. "ಇದು ನಂಗೆ ಗೊತ್ತಿರ್ಲಿಲ್ಲ" ಎಂದರು.

"ನಿಮಗಿದು ಬೇಡ್ವಾ ಅಪ್ಪ? ನಿಮಗೋಸ್ಕರ ತಾನೆ ತರಿಸಿದ್ದು?"

"ನನಗಾ?" ಅಪ್ಪ ನಿಜವಾಗಿಯೂ ಬೆಪ್ಪಾಗಿದ್ದರು. "ನಂಗ್ಯಾಕಮ್ಮ ಇಲ್ಲಿ ಕಾರು? ಓಡ್ಸಕ್ಕೂ ಬಿಡಲ್ಲ. ಅಳಿಯಂದಿರು ಆಸೆಪಟ್ರು ಅಂತಲ್ವಾ ಕೊಟ್ಟಿದ್ದು? ನದಿ ಹತ್ರ ಆ ಹಳೇ ಗಾಡಿಗಳನ್ನ ನೋಡ್ತಾ ನಿಂತ್ಕೊಳೋರು, ನಾನು ಪಕ್ಕದಲ್ಲೇ ಇರ್ತಿದ್ದೆ. ಮದುವೆಯಾದಾಗಿಂದ ಇದು ಬೇಕು ಅಂತ ಅವ್ರು ನನ್ನ ಏನೂ ಕೇಳಿದೋರಲ್ಲ. ಮೊದಲ್ನೇ ಸಲ ಕೇಳಿದ್ರು. ಇಲ್ಲ ಅನ್ನಕ್ಕಾಗುತ್ತಾ?"

"ಕಾರು ನಿಮ್ಮ ಹೆಸರಲ್ಲೇ ಬಂತಲ್ಲಪ್ಪ."

"ಅದು ಸುಂಕ ಉಳಿಸಕ್ಕೆ ಅಂತ ಹೇಳಿದ್ರಲ್ಲ."

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಇಬ್ಬರು ದೊಡ್ಡವರು ಒಂದೇ ಮೇಜಿನಲ್ಲಿ ಕೂತು, ನನ್ನ ಮೂಲಕ ಮಾತಾಡಿ, ಒಬ್ಬರಿಗೊಬ್ಬರು ಒಂದೇ ಕಾರನ್ನು ದಾನ ಕೊಟ್ಟುಕೊಂಡಿದ್ದರು. "ಹಾಗಾದ್ರೆ ಕಾರು ಸ್ಟಾರ್ಟ್ ಮಾಡ್ಬೇಕು, ಊರಿಗೆ ಹೋಗ್ಬೇಕು ಅಂತಿದ್ರಲ್ಲ, ಅದು?" ಎಂದು ಕೇಳಿದೆ.

ಅಪ್ಪ ಬಾಗಿ ಚಪ್ಪಲಿ ಸರಿಮಾಡಿಕೊಂಡರು. "ಮನೆ ಖಾಲಿ ಮಾಡಿಸಿದ್ರಿ. ನಿಮ್ಮಮ್ಮನೂ ಹೋದ್ಲು. ಆ ಊರಲ್ಲಿ ನಂದು ಅಂತ ಉಳಿದಿದ್ದು ಈ ಕಾರೊಂದೇ. ಬಸ್‌ಸ್ಟ್ಯಾಂಡಲ್ಲಿ ಇಳ್ದು, ಶೆಡ್ಡಿಗೆ ಹೋಗಿ, ಇದನ್ನ ತೆಗ್ದು ಹೊರಟ್ರೆ ನಾನು ಆ ಊರಿನ ಡಾಕ್ಟ್ರು. ಯಾರನ್ನೂ ಕೇಳ್ಬೇಕಾಗಿಲ್ಲ. ಈಗ ಹೋದ್ರೆ ನಿಮ್ಮ ಚಿಕ್ಕಪ್ಪನ ಮನೆ ನೆಂಟ. ಅವ್ನು ಕಾಫಿ ಕೊಟ್ಟು ಯಾವಾಗ ವಾಪಸ್ಸು ಅಂತ ಕೇಳ್ತಾನೆ."

ನಾನು ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಅತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವಳು ದನದ ಡಾಕ್ಟರ ಮಗಳು. ಯಾಕಪ್ಪ ಮೊದಲೇ ಹೇಳಲಿಲ್ಲ, ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ಅವರ ಮೇಲೆಯೇ ರೇಗಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಅಳಿಯಂದಿರಿಗೆ ಹೇಳ್ಬೇಡ. ಪಾಪ, ಅಷ್ಟು ಒದ್ದಾಡಿದಾರೆ. ನೊಂದ್ಕೊತಾರೆ" ಎಂದರು. ಟಿಕೆಟ್ ಮಾಡಿಸುತ್ತೇನೆ, ಹೋಗಿ ಬನ್ನಿ ಎಂದೆ. ಇನ್ನು ಹೋಗಿ ಏನು ಮಾಡಲಿ ಎಂದರು. ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ನನ್ನನ್ನು ಕೇಳುತ್ತಿದ್ದರು.

ಗಂಡನಿಗೆ ನಾನು ಏನನ್ನೂ ಹೇಳಲಿಲ್ಲ. ಹೇಳಿದರೆ ಅಪ್ಪನ ಮಾತು ಮುರಿದಂತೆ, ಹೇಳದಿದ್ದರೆ ಗಂಡನಿಗೆ ಮೋಸ. ಯಾವುದು ಸರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಇವರು ಪರೀಕ್ಷಕರನ್ನೇ ಮತ್ತೆ ಕಂಡು, ಮೆರೂನ್ ಬಣ್ಣ ಕೆರೆದು ಹಳೆಯ ನೀಲಿಯನ್ನು ತಂದರೆ, ಸೀಟು ದೀಪಗಳನ್ನು ಮೊದಲಿನಂತೆ ಮಾಡಿದರೆ ಪುನಃ ನೋಡೋಣ ಎನ್ನಿಸಿಕೊಂಡು ಬಂದರು. ಅಂದಿನಿಂದ ಪ್ರತಿ ಶನಿವಾರ ಮಾವ ಅಳಿಯ ಗ್ಯಾರೇಜಿನಲ್ಲಿರುತ್ತಾರೆ. ಮಾವನಿಗೆ ಖುಷಿಯಾಗಲಿ ಎಂದು ಅಳಿಯ ಮೊಣಕಾಲೂರಿ ಬಣ್ಣ ಉಜ್ಜುತ್ತಾರೆ. ಅಳಿಯನಿಗೆ ಬೇಜಾರಾಗದಿರಲಿ ಎಂದು ಮಾವ ಸ್ಟೂಲಿನ ಮೇಲೆ ಕೂತು ಉಪ್ಪುಕಾಗದ ಹರಿದು ಹರಿದು ಕೊಡುತ್ತಾರೆ. ಕಾಫಿ ಕೊಡಲು ಹೋದಾಗೆಲ್ಲ ಬಾಯಿ ತೆರೆಯುತ್ತೇನೆ, ಲೋಟ ಇಸಿದುಕೊಂಡು ವಾಪಸ್ ಬರುತ್ತೇನೆ.

ಹೋದ ಶನಿವಾರ ಇವರು ಒಳಗೆ ಬಂದು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು. ಮೊಣಕೈವರೆಗೆ ಮೆರೂನ್ ಪುಡಿ. "ಒಂದು ವಿಷಯ ಗಮನಿಸಿದ್ಯಾ?" ಎಂದರು. ಮುಖ ಅರಳಿತ್ತು. "ಮಾವ ಈಗ ಊರಿಗೆ ಹೋಗ್ತೀನಿ ಅಂತ ಅನ್ನೋದೇ ಇಲ್ಲ. ಕಾರು ಬಂದಾಗಿಂದ ಒಂದ್ಸಲನೂ ಅಂದಿಲ್ಲ."

"ಹೌದು, ಅಂದಿಲ್ಲ" ಎಂದೆ. ಒರೆಸಿಕೊಳ್ಳಲು ಟವೆಲ್ ಕೊಟ್ಟೆ.